ಬಿರುಕಿನ ಮೇಲಿನ ಗಾಜು

ಪೇಟೆಯ ನಡುವೆ ನೂರು ವರ್ಷದ ಕಲ್ಲುಗೋಡೆಯೊಂದಿತ್ತು. ಅದರಡಿಯಲ್ಲಿ ಮೆಟ್ರೊ ಸುರಂಗ ಕೊರೆಯುವ ಯಂತ್ರ ಹಾದುಹೋಗಬೇಕಿತ್ತು. ಎಂಜಿನಿಯರ್ ಚಂಪಾವತಿಯವರು ಗೋಡೆಯ ಹಳೆಯ ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯೊಂದನ್ನು ಅಂಟಿಸಿದರು.

ಸಿನಿಮಾ ಪೋಸ್ಟರುಗಳ ಮರೆಯಲ್ಲಿ ಮುಚ್ಚಿಟ್ಟಿದ್ದ ಬಿರುಕು ಬಯಲಾಯಿತೆಂದು ಗೋಡೆಗೆ ಮುಖಭಂಗವಾಯಿತು. "ಬೆರಳಗಲದ ನೀನು ನನ್ನನ್ನು ಹಿಡಿದು ನಿಲ್ಲಿಸುವೆಯೇನು?" ಎಂದು ಅದು ಮೂದಲಿಸಿತು.

"ಇಲ್ಲ ಅಜ್ಜಾ. ನೀನು ಕೂದಲೆಳೆಯಷ್ಟು ಅಲುಗಿದರೂ ಒಡೆಯುವುದಷ್ಟೇ ನನ್ನ ಕೆಲಸ."

"ಒಡೆಯುವುದೂ ಒಂದು ಕೆಲಸವೇ! ನಾನು ಅಲುಗಿದರೂ ನೀನು ತೆಪ್ಪಗಿರು. ಇದು ನನ್ನ ಮಾನದ ಪ್ರಶ್ನೆ."

"ಮಾನ ಉಳಿಯಲು ಮೊದಲು ನೀನು ಉಳಿಯಬೇಕಲ್ಲ, ಅಜ್ಜಾ!"

ಮೂರನೆಯ ದಿನ ಯಂತ್ರ ಸಮೀಪಿಸಿತು. ಗೋಡೆ ಹಲ್ಲು ಕಚ್ಚಿ ನಿಂತರೂ ಬುಡದ ಮಣ್ಣು ಕುಸಿಯತೊಡಗಿತು. ಒಡನೆಯೇ ಗಾಜು ಚಟ್ಟನೆ ಒಡೆಯಿತು. ಅದನ್ನು ಕಂಡ ಚಂಪಾವತಿಯವರು ಯಂತ್ರವನ್ನು ನಿಲ್ಲಿಸಿ, ಬುಡದ ಮಣ್ಣಿಗೆ ನೀರಾಗಿ ಕಲಸಿದ ಸಿಮೆಂಟ್ ಹಾಲು ತುಂಬಿಸಿ, ನೆಲ ಗಟ್ಟಿಯಾದ ಮೇಲೆಯೇ ಕೊರೆತಕ್ಕೆ ಅಪ್ಪಣೆಯಿತ್ತರು.

ಮೊದಲ ರೈಲು ಅಡಿಯಲ್ಲಿ ಓಡಿದ ದಿನ ಪೇಟೆಗೆ ಪೇಟೆಯೇ ಸಂಭ್ರಮಿಸಿತು. ನೆಟ್ಟಗೆ ನಿಂತಿದ್ದ ಗೋಡೆ, ಬಿರುಕಿನ ಮೇಲೆ ಆಗಷ್ಟೇ ಅಂಟಿದ ಹೊಸ ಗಾಜಿಗೆ ಹೆಮ್ಮೆಯಿಂದ ಹೇಳಿತು:

"ಮಗೂ, ನಾನು ಅಲುಗಿದರೆ ಮುಖದಾಕ್ಷಿಣ್ಯ ನೋಡದೆ ಒಡೆದುಬಿಡು. ನಿನ್ನ ಅಣ್ಣ ನನ್ನನ್ನು ಉಳಿಸಿದ್ದು ಹಾಗೆಯೇ."