ಮುನ್ನೂರು ಪುಸ್ತಕ ಓದಿದ ಹುಳು

ಗ್ರಂಥಾಲಯದ ಕಪಾಟಿನಲ್ಲಿದ್ದ ಪುಸ್ತಕದ ಹುಳು ಮುನ್ನೂರು ಗ್ರಂಥಗಳನ್ನು ಓದಿದೆಯೆಂದು ಹೆಸರಾಗಿತ್ತು. ಅದು ಬಾಯಿ ತೆರೆದರೆ ಉಳಿದ ಹುಳುಗಳು ಎದ್ದು ನಿಲ್ಲುತ್ತಿದ್ದವು.

ಒಮ್ಮೆ ರಟ್ಟು ಕಟ್ಟುವವನ ಗೋಂದಿನ ಬಟ್ಟಲಿಗೆ ಇರುವೆಯೊಂದು ಬಿದ್ದಿತು.

“ಪಂಡಿತರೇ, ಕಾಲು ಅಂಟಿಕೊಂಡಿದೆ. ನಮ್ಮ ಗೂಡಿಗೆ ಎರಡು ಸಾಲು ಬರೆದು ಕಳಿಸಿ!”

“ನನ್ನಂಥವನ ಬರಹ ಎರಡು ಸಾಲಿಗೆ ನಿಲ್ಲುವುದೇ?” ಎಂದು ಹುಳು ಬರೆಯಲು ಕುಳಿತಿತು.

“ಸೊಂಟದವರೆಗೆ ಬಂತು, ಪಂಡಿತರೇ!”

“ತಾಳು, ಅವಸರ ಮಾಡಿದರೆ ಭಾಷೆ ಕೆಡುತ್ತದೆ.”

ನೊಣವೊಂದು ಓಲೆಯನ್ನು ಗೂಡಿಗೆ ಒಯ್ದಿತು. ಅದರಲ್ಲಿ ಹೀಗಿತ್ತು: “ಈ ಇರುವೆಯನ್ನು ಯಾರಿಗೂ ಪರಿಚಯಿಸಬೇಕಾಗಿಲ್ಲ. ಇರುವೆ ಕುಲಕ್ಕೆ ಇವರು ಸಲ್ಲಿಸಿದ ಸೇವೆ ಅನನ್ಯವಾದುದು. ಅನೇಕ ಕಾರ್ಯಗಳ ಒತ್ತಡದ ನಡುವೆಯೂ ಇವರನ್ನು ಕುರಿತು ನಾಲ್ಕು ಮಾತು ಬರೆಯುವುದು ನನ್ನ ಭಾಗ್ಯ. ಇವರು ಇನ್ನಷ್ಟು ಎತ್ತರಕ್ಕೆ ಏರಲೆಂದು ಹಾರೈಸುತ್ತೇನೆ.”

ಇರುವೆಗಳು ಓದಿ ಹಿಗ್ಗಿದವು. ತಮ್ಮವಳಿಗೆ ಎಲ್ಲೋ ಸನ್ಮಾನ ನಡೆದಿದೆಯೆಂದು ತಿಳಿದು, ಸಕ್ಕರೆ ಹೊತ್ತು, ನೊಣದ ಹಿಂದೆ ಸಾಲುಗಟ್ಟಿ, ನಿಧಾನವಾಗಿ ಬಂದವು. ಅಷ್ಟರಲ್ಲಿ ಗೋಂದು ಗಟ್ಟಿಯಾಗಿತ್ತು. ಅದರೊಳಗಿನ ಇರುವೆ ಅಲುಗಲಿಲ್ಲ.

ಹಿರಿಯ ಇರುವೆ ಕೇಳಿತು: “ಮುಳುಗುತ್ತಿದ್ದಾಳೆ ಎಂಬ ಒಂದು ಮಾತು ಬರೆಯಲು ನಿಮಗೆ ಬಾರದೇ ಹೋಯಿತೇ? ಮುನ್ನೂರು ಪುಸ್ತಕ ಓದಿದವರಂತೆ!”

ಹುಳು ತಲೆ ತಗ್ಗಿಸಲಿಲ್ಲ. “ಓದಿದ್ದೇನೆ, ತಾಯೀ. ಮುನ್ನೂರರಲ್ಲಿ ಒಂದರ ಮುನ್ನುಡಿಯನ್ನೂ ಬಿಟ್ಟಿಲ್ಲ. ಮುನ್ನುಡಿಗಳಲ್ಲಿ ಯಾರೂ ಮುಳುಗುವುದಿಲ್ಲ. ಮುಳುಗುವುದೆಲ್ಲ ಒಳಗಿನ ಪುಟಗಳಲ್ಲಿ. ಅಲ್ಲಿಗೆ ನಾನು ಹೋದವನಲ್ಲ.”