ಬೆಟ್ಟದ ಮೇಲಿನ ಕೂಗುಸಭೆ

“ಇನ್ನು ಮೇಲೆ ನನ್ನ ರಾಜ್ಯದಲ್ಲಿ ಸಭೆಗೆ ಅಂತ ಯಾರೂ ಕಾಲು ನೋಯಿಸಿಕೊಳ್ಳಬೇಕಾಗಿಲ್ಲ!” ಅಂದ ಬಿಳಿಗಲ್ಲಿನ ರಾಜ ಬೊಮ್ಮರಸ.

ಅಂದದ್ದು ಬೆಟ್ಟದ ತುದಿಯಲ್ಲಿ ಕೂತು. ಬೇಸಿಗೆ ಬಂತೆಂದರೆ ರಾಜ ಅಲ್ಲಿನ ತಂಪು ಅರಮನೆಗೆ ಹೋಗಿಬಿಡುತ್ತಿದ್ದ. ಮಂತ್ರಿಗಳ ಮನೆಗಳೆಲ್ಲ ಕೆಳಗೆ ಊರಿನಲ್ಲಿ. ನಡುವೆ ಎಂಟುನೂರು ಮೆಟ್ಟಿಲು. ಸಭೆಗೆ ಹತ್ತಿ ಬಂದವರು ಅರ್ಧ ದಿನ ಏದುಸಿರು ಬಿಡುತ್ತಿದ್ದರು, ಉಳಿದರ್ಧ ದಿನ ಉಣ್ಣುತ್ತಿದ್ದರು. ರಾಜ್ಯದ ಕೆಲಸ ಮರುದಿನಕ್ಕೆ.

ಅದಕ್ಕೇ ರಾಜ ಐವತ್ತು ಮೆಟ್ಟಿಲಿಗೊಬ್ಬನಂತೆ ಹದಿನಾರು ಕೂಗಾಳುಗಳನ್ನು ನಿಲ್ಲಿಸಿದ. ರಾಜನ ಮಾತನ್ನು ಮೊದಲನೆಯವನು ಕೂಗಬೇಕು, ಅವನ ಕೂಗನ್ನು ಕೆಳಗಿನವನು ಕೂಗಬೇಕು, ಹೀಗೆ ಊರು ಮುಟ್ಟಬೇಕು. ಮಂತ್ರಿಗಳು ತಂತಮ್ಮ ಜಗಲಿಯಲ್ಲೇ ಕೂತು ಉತ್ತರ ಕೊಟ್ಟರೆ ಅದು ಅದೇ ದಾರಿಯಲ್ಲಿ ಮೇಲೆ ಬರುತ್ತಿತ್ತು.

ಕೂಗಾಳುಗಳನ್ನು ಮೆಚ್ಚಲೇಬೇಕು, ಒಂದಕ್ಷರ ಬಿಡುತ್ತಿರಲಿಲ್ಲ. ರಾಜ ಕೆಮ್ಮಿದರೆ ಹದಿನಾರು ಜನವೂ ಕೆಮ್ಮುತ್ತಿದ್ದರು. ಒಮ್ಮೆ ಪ್ರಧಾನಿ ಅಣ್ಣಾಜಯ್ಯ ಕೆರೆಯ ವಿಷಯ ಹೇಳುತ್ತಿದ್ದಾಗ, “ಏರಿಯ ಕಲ್ಲು ಸಡಿಲಾಗಿದೆ ಮಹಾಪ್ರಭು, ರೀ ಬೇಳೆ ಸೀದುಹೋಗ್ತಿದೆ ಬಂದು ಸೌಟಾದರೂ ಆಡಿಸಬಾರದಾ, ಆದ್ದರಿಂದ ಕೂಡಲೇ ದುರಸ್ತಿ ಆಗಬೇಕು” ಅಂತ ಇಡಿಯಾಗಿ ಬೆಟ್ಟ ಹತ್ತಿ ಬಂತು.

ರಾಜ ಗಂಭೀರವಾಗಿ, “ಮೊದಲು ಬೇಳೆ ನೋಡಿ” ಎಂದು ಅಪ್ಪಣೆ ಕೊಟ್ಟ.

ರಾಜನ ಪಕ್ಕದಲ್ಲಿ ಯಾವಾಗಲೂ ಇರುತ್ತಿದ್ದವನು ಆಸ್ಥಾನದ ವಿದೂಷಕ ತಿರುಕಣ್ಣ. ಏನಾದರೂ ಸರಿ ಕಾಣದಿದ್ದರೆ ಅವನು ಮೂಗು ಕೆರೆದುಕೊಳ್ಳುತ್ತಿದ್ದ. ಈಗಲೂ ಕೆರೆದುಕೊಂಡ.

“ಏನೋ ಅದು, ಮೂಗು?”

“ಏನಿಲ್ಲ ಪ್ರಭು. ಒಳ್ಳೆಯ ಏರ್ಪಾಡು. ಮಂತ್ರಿಗಳ ಮಂಡಿ ಉಳಿಯಿತು, ಹೊತ್ತು ಉಳಿಯಿತು, ಅರಮನೆಯ ಪಾಯಸವೂ ಉಳಿಯಿತು.”

“ಮತ್ತೆ?”

“ಒಂದೇ ಒಂದು ಕೊರತೆ ಇದೆ.”

ರಾಜನ ಮೀಸೆ ನೆಟ್ಟಗಾಯಿತು. “ಸಂಜೆಯೊಳಗೆ ತೋರಿಸು. ತೋರಿಸದಿದ್ದರೆ ನಾನೂರನೇ ಮೆಟ್ಟಿಲಿನ ಕೂಗಾಳು ನೀನೇ. ಬೇಸಿಗೆ ಮುಗಿಯುವ ತನಕ!”

ನಾನೂರನೇ ಮೆಟ್ಟಿಲು ಅಂದರೆ ಸುಮ್ಮನೆ ಅಲ್ಲ. ಮರವಿಲ್ಲ, ನೆರಳಿಲ್ಲ. ಅಲ್ಲಿದ್ದ ಕೂಗಾಳು ಪಕ್ಕದ ಬಂಡೆಯ ಮೇಲೆ ಹಪ್ಪಳ ಹರಡಿಕೊಂಡಿದ್ದ; ಹರಡಿ ಮುಗಿಸುವಷ್ಟರಲ್ಲಿ ಮೊದಲಿನದು ಒಣಗಿರುತ್ತಿತ್ತು. ತಿರುಕಣ್ಣನದು ಬೋಳುತಲೆ ಬೇರೆ.

“ಆಗಲಿ ಪ್ರಭು” ಅಂದ ತಿರುಕಣ್ಣ. “ಕರಡಿಯ ವಿಷಯ ಎತ್ತಿ.”

ಊರಾಚೆಯ ಕಬ್ಬಿನ ಗದ್ದೆಗೆ ಕರಡಿಯೊಂದು ಹೊಕ್ಕು ತಿಂಗಳಾಗಿತ್ತು. ಇಂಥ ಕೆಲಸಕ್ಕೆ ಹೊರಡುವವನು ಮುಂದೆ ಬಂದು ರಾಜನ ಕೈಯಿಂದ ವೀಳ್ಯ ತೆಗೆದುಕೊಳ್ಳಬೇಕು, ಅದು ಆಸ್ಥಾನದ ಪದ್ಧತಿ. ವೀಳ್ಯ ಹಿಡಿದವನು ಕೆಲಸ ಮುಗಿಸದೆ ಊರಿಗೆ ಮುಖ ತೋರಿಸುವ ಹಾಗಿಲ್ಲ. ಹಿಂದೆ ಎಲ್ಲರೂ ಎದುರಿಗೆ ಕೂತ ಸಭೆಯಲ್ಲಿ ರಾಜ ವೀಳ್ಯ ಚಾಚಿದಾಗ, ಇಡೀ ಸಭೆ ತನ್ನ ತನ್ನ ಕಾಲ್ಬೆರಳನ್ನೇ ನೋಡಿತ್ತು.

ರಾಜ ಕೇಳಿದ: “ಕರಡಿ ಓಡಿಸುವ ಧೀರ ಯಾರು?”

ಕೂಗು ಇಳಿಯಿತು. ಉತ್ತರ ಹತ್ತಿತು.

“ನಾನು, ದಳವಾಯಿ ಹುಲಿಯಪ್ಪ! ಈಗಲೇ ಸಿದ್ಧ!”

“ನಾನು, ಪ್ರಧಾನಿ ಅಣ್ಣಾಜಯ್ಯ! ಬರಿಗೈಲಿ ಹಿಡಿಯುತ್ತೇನೆ!”

“ನಾನು, ಭಂಡಾರಿ ಮುದ್ದಯ್ಯ! ಅದರ ಕಿವಿ ಹಿಂಡಿ ಕರೆತರುತ್ತೇನೆ!”

ರಾಜ ತೊಡೆ ತಟ್ಟಿಕೊಂಡು ನಕ್ಕ. “ನೋಡಿದೆಯಾ? ಎದುರಿಗಿದ್ದಾಗ ಇಲಿಗಳು, ದೂರದಿಂದ ಒಬ್ಬನಲ್ಲ ಮೂವರು ಶೂರರು! ಹೊರಡು, ಮೆಟ್ಟಿಲು ಕಾಯುತ್ತಿದೆ.”

“ಹೊರಟೆ ಪ್ರಭು. ಶೂರರಿಗೆ ವೀಳ್ಯ ಕಳಿಸಿಬಿಡಿ, ಅದೊಂದನ್ನು ಕಣ್ತುಂಬ ನೋಡಿಕೊಂಡು ಹೋಗುತ್ತೇನೆ.”

ರಾಜ ವೀಳ್ಯವನ್ನು ಮೊದಲ ಕೂಗಾಳು ಭೈರನ ಮುಂದೆ ಹಿಡಿದ. ಭೈರ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ಬುದ್ಧಿ, ಮಾತು ಎಷ್ಟು ಬೇಕಾದ್ರೂ ದಾಟಿಸ್ತೀನಿ. ಇದನ್ನ ಮುಟ್ಟಿದರೆ ಕರಡಿ ನಂದಾಗುತ್ತೆ.”

ಎರಡನೆಯವನನ್ನು ಕರೆಯುವ ಮೊದಲೇ ಅವನ ಕೈಯೂ ಬೆನ್ನಿಗೆ ಹೋಗಿತ್ತು.

“ಹಾಗಾದರೆ ಅವರೇ ಹತ್ತಿ ಬಂದು ತಗೊಳ್ಳಲಿ! ಕೂಗು!”

ಬಹಳ ಹೊತ್ತಾದ ಮೇಲೆ ಉತ್ತರ ಬಂತು. “ಮಹಾಪ್ರಭು, ಇಲ್ಲಿ ವಿಪರೀತ ಗಾಳಿ. ಏನೂ ಕೇಳಿಸುತ್ತಿಲ್ಲ!” ಮೂವರದೂ ಅದೇ ಮಾತು.

ಬೆಟ್ಟದ ತುದಿಯ ಬಾವುಟ ಒದ್ದೆ ಪಂಚೆಯ ಹಾಗೆ ಜೋತುಬಿದ್ದಿತ್ತು.

“ಊಟಕ್ಕೆ ಬನ್ನಿ ಅಂತ ಕೂಗಿಸಿ ನೋಡಿ” ಅಂದ ತಿರುಕಣ್ಣ.

ಕೂಗಿಸಿದ. ಉತ್ತರ ಓಡಿಕೊಂಡೇ ಬಂತು. “ಎಷ್ಟು ಹೊತ್ತಿಗೆ ಮಹಾಪ್ರಭು?”

ರಾಜ ಕೆಂಡವಾದ. “ಮೂವರೂ ಈ ಕ್ಷಣವೇ ರಾಜ್ಯ ಬಿಟ್ಟು ತೊಲಗಲಿ!”

“ಅಪ್ಪಣೆ ಮಹಾಪ್ರಭು! ಹೊರಟೆವು!”

ತಿರುಕಣ್ಣ ರಾಜನನ್ನು ಬೆಟ್ಟದಂಚಿನ ಗೋಡೆಯ ಹತ್ತಿರ ಕರೆದೊಯ್ದು ಕೆಳಗೆ ತೋರಿಸಿದ. ಮೂರು ಜಗಲಿ, ಮೂವರು ಮಂತ್ರಿಗಳು. ಒಬ್ಬ ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದ.

“ಎಲ್ಲಿದ್ದೀರಿ?” ಎಂದು ರಾಜ ಕೂಗಿಸಿದ.

“ಗಡಿಯ ಹತ್ತಿರ ಬಂದೆವು ಮಹಾಪ್ರಭು! ತಾಯ್ನಾಡು ಬಿಡಲು ಅಳು ಬರುತ್ತಿದೆ!”

ಹದಿನಾರು ಕೂಗಾಳುಗಳೂ ಒಬ್ಬರಾದ ಮೇಲೊಬ್ಬರು ಬಿಕ್ಕಿದರು. ಕೆಳಗೆ ಹುಲಿಯಪ್ಪ ಮಜ್ಜಿಗೆಯ ಚೊಂಬು ಎತ್ತಿ ಕುಡಿದ.

ರಾಜ ನೋಡಿದ, ಹಲ್ಲು ಕಡಿದ, ಆಮೇಲೆ ತಡೆಯಲಾರದೆ ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ. ಭೈರ ಅದನ್ನೂ ಕೆಳಗೆ ದಾಟಿಸಿದ.

“ಸರಿ ಕಣೋ ತಿರುಕಣ್ಣ, ಒಪ್ಪಿದೆ. ಸುದ್ದಿ ತಿಳಿಸೋದಕ್ಕೆ ಕೂಗಾಳುಗಳು ಇರಲಿ. ಕೆಲಸ ಒಪ್ಪಿಸೋದಕ್ಕೆ ನಾಳೆ ನಾನೇ ಇಳಿದು ಹೋಗುತ್ತೇನೆ. ಮುಖದ ಮುಂದೆ ವೀಳ್ಯ ಹಿಡಿಯುತ್ತೇನೆ. ಆಗ ಆ ಮೂವರಿಗೆ ಎಲ್ಲಿಂದ ಗಾಳಿ ಬೀಸುತ್ತೋ ನೋಡೋಣ.”

“ಮತ್ತೆ ನನ್ನ ಮೆಟ್ಟಿಲು?”

“ನಿನಗೆ ಮೆಟ್ಟಿಲಲ್ಲ, ಚಿನ್ನದ ಕಡಗ!”

ಭೈರ ಅದನ್ನು ಕೂಗಿದ. ಹದಿನಾರು ಬಾಯಿ ದಾಟಿ ಕಡಗದ ಸುದ್ದಿ ಊರು ಮುಟ್ಟಿತು. ಕೆಳಗಿನಿಂದ ಜಯಕಾರವೂ ಬಂತು. ತಿರುಕಣ್ಣ ಮಾತ್ರ ಕೈ ಚಾಚಿಕೊಂಡು ನಿಂತೇ ಇದ್ದ.

“ಇನ್ನೇನೋ? ಕಡಗ ಅಂದೆನಲ್ಲ, ಕೇಳಿಸಲಿಲ್ಲವೇ?”

“ಊರಿಗೆಲ್ಲ ಕೇಳಿಸಿತು ಪ್ರಭು. ಈ ಕೈಗೆ ಇನ್ನೂ ಕೇಳಿಸಿಲ್ಲ.”