ಸೋಮವಾರ ಗೊತ್ತಿದ್ದದ್ದು

ಕಾಲವನ್ನು ಹಿಂದಕ್ಕೆ ತಿರುಗಿಸುವ ವಿದ್ಯೆಯನ್ನು ಹನ್ನೆರಡು ವರ್ಷ ಗುರುಮುಖದಿಂದ ಕಲಿತವನು ನಾನು. ಸುಳ್ಳು. ಆ ಆಶ್ರಮದ ಗೇಟನ್ನೂ ಕಂಡವನಲ್ಲ. ಕಥೆ ಮಾತ್ರ ಗೊತ್ತು, ಚಹಾ ಕುಡಿಯುತ್ತಾ ಕೇಳಿ.

ತುಂಗಭದ್ರೆಯ ದಡದಲ್ಲಿ ಓಂಕಾರಯ್ಯ ಎಂಬ ಗುರುಗಳು ಫಂಕ್ಷನಲ್ ಪ್ರೋಗ್ರಾಮಿಂಗ್ ಎಂಬ ಕಂಪ್ಯೂಟರ್ ವಿದ್ಯೆ ಕಲಿಸುತ್ತಿದ್ದರು. ಅವರಲ್ಲಿ ಒಂದೇ ಕಟ್ಟಳೆ: ಬರೆದದ್ದನ್ನು ಅಳಿಸಬಾರದು. ಬದಲಾದರೆ ಕೆಳಗೆ ಹೊಸ ಸಾಲು ಸೇರಿಸಬೇಕು.

ಅವರ ಡೇಟಾಬೇಸ್ ಪ್ರತಿ ಸಾಲಿಗೂ ಎರಡು ದಿನಾಂಕ ಇಡುತ್ತಿತ್ತು. ಸಂಗತಿ ಎಂದಿನದು ಎಂಬುದು ಒಂದು. ನಮಗೆ ತಿಳಿದದ್ದು ಎಂದು ಎಂಬುದು ಇನ್ನೊಂದು.

ಶಿಷ್ಯ ಭುಜಬಲಿಗೆ ಇದು ಹಿಡಿಸಲಿಲ್ಲ. ಹೆಸರಷ್ಟೇ ಭುಜಬಲಿ, ತುಂಬಿದ ಕೊಡ ಎತ್ತಿದರೆ ತೋಳು ನಡುಗುತ್ತಿತ್ತು.

"ಗುರುಗಳೇ, ಇದು ಡೇಟಾಬೇಸಲ್ಲ, ಅಜ್ಜಿಯ ಅಟ್ಟ. ಹರಕು ಚಾಪೆಯನ್ನೂ ಬಿಸಾಡುವುದಿಲ್ಲ. ನನ್ನ ಗೆಳೆಯರು ನಗುತ್ತಾರೆ. ಒಂದು ದಿನಾಂಕ ಸಾಲದೇ?"

"ಸಾಕೆನಿಸಿದರೆ ಒಂದನ್ನೇ ತೋರಿಸಪ್ಪ," ಎಂದರು ಗುರುಗಳು.

ಆಶ್ರಮದ ಔಷಧಾಲಯದ ಪರದೆಯ ಮೇಲೆ ಭುಜಬಲಿ ಒಂದೇ ದಿನಾಂಕ ತೋರಿಸಿದ. ನೋಡಲು ಚೊಕ್ಕವಾಗಿತ್ತು.

ಒಂದು ಸೋಮವಾರ ಬೆಳಿಗ್ಗೆ ಹತ್ತಕ್ಕೆ ನರ್ಸ್ ಫಿಲೋಮಿನಾ, ಹಂಪವ್ವ ಎಂಬ ಮುದುಕಿಗೆ ಪೆನಿಸಿಲಿನ್ ಚುಚ್ಚಿದಳು. ಮುದುಕಿಯ ಮುಖ ಬಾತುಕೊಂಡಿತು, ಉಸಿರು ಕಟ್ಟಿತು. ಫಿಲೋಮಿನಾಳೇ ಪಟ್ಟಣದ ಆಸ್ಪತ್ರೆಗೆ ಒಯ್ದಳು. ಮೂರು ದಿನ ಹಾಸಿಗೆಯ ಬಳಿಯಿಂದ ಕದಲಲಿಲ್ಲ. ಹಂಪವ್ವ ಉಳಿದಳು.

ಆ ಹೊತ್ತಿಗೆ ನದಿ ಉಕ್ಕಿ ಹರಿಯಿತು ಎಂದು ಸೇರಿಸುವ ಆಸೆ ನನಗೆ. ಏನು ಮಾಡಲಿ, ಮೊಣಕಾಲುದ್ದ ನೀರು.

ಗುರುವಾರ ಫಿಲೋಮಿನಾ ಹಿಂತಿರುಗಿ ಪರದೆ ನೋಡಿದಳು. 'ಹಂಪವ್ವ: ಪೆನಿಸಿಲಿನ್ ಆಗಿಬರುವುದಿಲ್ಲ.' ಪಕ್ಕದಲ್ಲಿ ಎರಡು ವರ್ಷ ಹಿಂದಿನ ದಿನಾಂಕ.

ಸಂಜೆ ಚೀಲ ಹಿಡಿದು ಗುರುಗಳ ಮುಂದೆ ಬಂದು ನಿಂತಳು.

"ಎರಡು ವರ್ಷದಿಂದ ಕಣ್ಣೆದುರೇ ಇತ್ತು, ಗುರುಗಳೇ. ನಾನು ನೋಡಲಿಲ್ಲ. ಇನ್ನು ಈ ಕೈಯಲ್ಲಿ ಸೂಜಿ ಹಿಡಿಯಲಾರೆ. ಹೊರಟೆ."

ಭುಜಬಲಿ ಗುರುಗಳ ಕಿವಿಯಲ್ಲಿ ಪಿಸುಗುಟ್ಟಿದ. "ಆ ಸಾಲು ಅಳಿಸಿಬಿಡಲೇ? ಪಾಪ, ಅಕ್ಕ ಉಳಿಯುತ್ತಾಳೆ."

"ಅಳಿಸು. ಹಂಪವ್ವನಿಗೆ ಮತ್ತೆ ಅದೇ ಸೂಜಿ ಬೀಳಲಿ."

ಗುರುಗಳು ಭುಜಬಲಿಗೆ ಕಂಪ್ಯೂಟರ್ ತೋರಿಸಿದರು.

"ಕೂತ್ಕೋ. ಡೇಟಾಬೇಸನ್ನು ಕೇಳು: ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಹಂಪವ್ವನ ಬಗ್ಗೆ ನಮಗೆ ಏನು ಗೊತ್ತಿತ್ತು?"

ಭುಜಬಲಿ ಕೀಲಿಮಣೆ ಒತ್ತಿದ. ನೋಡಿದ. ಮತ್ತೆ ಒತ್ತಿದ.

"ಏನೂ ಇಲ್ಲ, ಗುರುಗಳೇ. ಖಾಲಿ."

"ಹಾಗಾದರೆ ಆ ಸಾಲು ಬಂದದ್ದು ಎಂದು?"

"ನಿನ್ನೆ ಸಂಜೆ. ಹಂಪವ್ವನ ಮಗ ಮನೆಯಲ್ಲಿದ್ದ ಡಾಕ್ಟರರ ಹಳೇ ಚೀಟಿ ತಂದುಕೊಟ್ಟಿದ್ದಾನೆ. ಕಚೇರಿಯವರು ಚೀಟಿಯ ಮೇಲಿದ್ದ ದಿನಾಂಕ ಹಾಕಿದ್ದಾರೆ." ಅವನ ದನಿ ಇಳಿಯಿತು. "ನಮಗೆ ತಿಳಿದ ದಿನ, ಆ ಎರಡನೇ ದಿನಾಂಕ, ಒಳಗೇ ಇತ್ತು. ಪರದೆಗೆ ಬಾರದಂತೆ ಮುಚ್ಚಿಟ್ಟವನು ನಾನು. ಅಕ್ಕಾ, ತಪ್ಪು ನಿಮ್ಮದಲ್ಲ."

ಗುರುಗಳು ಎದ್ದು ಫಿಲೋಮಿನಾಳ ಕೈಯಿಂದ ಚೀಲ ತೆಗೆದುಕೊಂಡರು. ಭುಜಬಲಿಗೆ ಕೊಟ್ಟರು.

"ಅಕ್ಕನ ಕೋಣೆಯಲ್ಲಿಟ್ಟು ಬಾ. ಬಂದು ಪರದೆ ಸರಿಮಾಡು."

ಫಿಲೋಮಿನಾ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆದರೂ ಅಜ್ಜಿಯನ್ನು ನಾನು ಕೇಳಬೇಕಿತ್ತು, ಗುರುಗಳೇ."

"ಕೇಳಲಿಲ್ಲವೇ?"

"ಕೇಳಿದ್ದೆ. ನನಗೆ ಎಲ್ಲಾ ಆಗಿಬರ್ತದೆ, ಚುಚ್ಚು ಮಗಳೇ ಅಂದಳು. ಇನ್ನೊಂದು ಸಲ ಕೇಳಬೇಕಿತ್ತು."

ಗುರುಗಳು ಅವಳ ತಲೆಯ ಮೇಲೆ ಕೈಯಿಟ್ಟರು.

"ಸೋಮವಾರದ ಫಿಲೋಮಿನಾಳನ್ನು ಗುರುವಾರದ ಫಿಲೋಮಿನಾ ಬೈಯುತ್ತಿದ್ದಾಳೆ. ಬಿಡು ತಾಯಿ, ಆ ಚೀಟಿ ಅವಳ ಕೈಗೆ ಬಂದಿರಲಿಲ್ಲ."

ಏಳಿ, ಹೊತ್ತಾಯಿತು. ಚಹಾದ ದುಡ್ಡು ನೀವೇ ಕೊಟ್ಟುಬಿಡಿ.